ಬಿಳಿ ಹೂರಣ

ಗುರುಮಠಕಲ್ಲಿನಾಚೆ ಕಂಕರ್ ಮಷಿನು ನಿಂತು ನಾಲ್ಕು ವರ್ಷ.
ಗುಡ್ಡವನ್ನು ಅರ್ಧ ಕೊಯ್ದು ಬಿಟ್ಟುಹೋಗಿದ್ದಾರೆ:
ಮೇಲೆ ಕರಿಕಲ್ಲು, ಕೆಳಗೆ ಕರಿಕಲ್ಲು,
ನಡುವೆ ಗೇಣು ದಪ್ಪ ಬಿಳಿ ಹೂರಣ.

ಆ ಬಿಳಿಯೇ ಒಂದು ಕೆರೆ.
ಹತ್ತನೆಯ ತರಗತಿಗೆ ಹೇಳುತ್ತೇನೆ:
ನೆಲ ಬಾಯ್ಬಿಟ್ಟು ಬೆಂಕಿ ಹರಿಯಿತು, ಆರಿತು,
ಆರಿದ್ದರ ಮೇಲೆ ಮಳೆ ನಿಂತಿತು,
ಮತ್ತೆ ಬೆಂಕಿ ಬಂತು.
ನಡುವೆ ಎಷ್ಟು ವರ್ಷವೆಂದು ಯಾರೂ ಕೇಳುವುದಿಲ್ಲ,
ಪರೀಕ್ಷೆಗೆ ಬರುವುದಿಲ್ಲ.

ಇವತ್ತು ಐತವಾರ. ಬಸವನಹುಳುವಿನ ಚಿಪ್ಪೊಂದನ್ನು
ಕಲ್ಲಿನಿಂದ ದಬ್ಬಣದಲ್ಲಿ ಬಿಡಿಸುತ್ತಿದ್ದೆ.
ಕೆಳಗೆ ಕೊಯ್ಲಾದ ಭತ್ತದ ಗದ್ದೆಯಲ್ಲಿ
ಪಾಲಮೂರಿನಿಂದ ನಡೆದು ಬಂದ ಬಾತುಗಳು,
ಸಾವಿರಕ್ಕೆ ಹನ್ನೊಂದು ಕಡಿಮೆ.
ನಿನ್ನೆ ನಾಯಿ ಬಿದ್ದವಂತೆ.

ಕಾಯುವ ಕಿಷ್ಟಮ್ಮ ಕೋಲೂರಿ ಹತ್ತಿ ಬಂದಳು.
"ಏನ್ ಹುಡುಕ್ಲಾಕತ್ತೀರಿ ಟೀಚರಮ್ಮ, ಬಂಗಾರಾ?"

ಹೇಳಿದೆ. ಭೂಮಿಯ ತಳದಲ್ಲಿ ಮಂಜಿನ ದೇಶ,
ಅಲ್ಲೊಂದು ಹಕ್ಕಿ ಕಲ್ಲಾಗಿ ಸಿಕ್ಕಿದೆ,
ನಿನ್ನ ಬಾತುಗಳಿಗೆ ಅಜ್ಜಿಯ ಅಜ್ಜಿಯ ಅಕ್ಕನಂಥದು,
ಈ ಬೆಂಕಿಗಿಂತ ತುಸು ಮುಂಚಿನದು. ವೆಗಾವಿಸ್.
"ವೇಗಾನ?" ಕೆಳಗೆ ನೋಡಿ ನಕ್ಕಳು.
ದಿನಕ್ಕೆ ಎರಡು ಹರದಾರಿ ಅವಳ ಹಿಂಡಿನ ವೇಗ.
ಅಲ್ಲ, ಅದು ಸಿಕ್ಕ ದ್ವೀಪದ ಹೆಸರು.
ಎಲುಬಷ್ಟೇ ಅಲ್ಲ ಕಿಷ್ಟಮ್ಮ,
ಅದರ ಗಂಟಲ ಗೂಡೂ ಕಲ್ಲಾಗಿ ಉಳಿದಿದೆ,
ಕೂಗು ಹುಟ್ಟುವ ಜಾಗ.

ಚಿಪ್ಪನ್ನು ಅಂಗೈಗೆ ಹಾಕಿಕೊಂಡು ಮೂಸಿದಳು.
"ಇಲ್ಲಿ ಸಿಕ್ಕಿಲ್ಲೇನ್ರಿ ಆ ಹಕ್ಕಿ?"
ಇಲ್ಲ. ಗರಿಯ ಒಂದು ಗೆರೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ.
"ಹುಳ ಅದ. ನೀರ್ ಇತ್ತಂತೀರಿ.
ತಿನ್ನೋರ್ ಯಾರೂ ಇರ್ಲಿಲ್ಲಂದ್ರ
ಹ್ಯಾಂಗ್ ನಂಬ್ಲಿ?"

ಪುರಾವೆ ಬೇಕು ಅಂದೆ.
ಅವಳ ಬಳಿ ಕೋಲಿನ ತುದಿಗೆ ಕಟ್ಟಿದ
ನೀಲಿ ಪ್ಲಾಸ್ಟಿಕ್ಕಿತ್ತು, ಅದನ್ನೆತ್ತಿ ಬೀಸಿ
ನಾಲಗೆಯನ್ನು ಅಂಗುಳಕ್ಕೆ ಬಡಿದು ಒಂದು ಸದ್ದು ಮಾಡಿದಳು,
ಕನ್ನಡವಲ್ಲ, ತೆಲುಗೂ ಅಲ್ಲ.
ಒಂಬೈನೂರ ಎಂಬತ್ತೊಂಬತ್ತು ಗಂಟಲು ಒಮ್ಮೆಗೇ.
ಕೊಯ್ದ ಗುಡ್ಡ ಅದನ್ನು ವಾಪಸು ಕೊಟ್ಟಿತು.
ಬಿಳಿ ಪಟ್ಟಿಯಿಂದಲೇ ಬಂತೆಂದು ಬರೆಯಲಾರೆ,
ವಿಜ್ಞಾನ ಕಲಿಸುವವಳು ನಾನು.

ಚಿಪ್ಪು ಮರಳಿಸುತ್ತ ಕೇಳಿದಳು,
"ಬೆಂಕಿ ಬಂದಾಗ ಎತ್ತ ಹೋದವ್ರಿ?"
ಕೆಲವು ಉಳಿದವು ಎಂದೆ.
ಆಗಲೇ ಇಳಿಯತೊಡಗಿದ್ದಳು, ಎಣಿಸುತ್ತ,
ನಾಯಿಗಳ ದಿಕ್ಕಿಗೆ ಬೆನ್ನು ಹಾಕದೆ.