ಮೂರು ಖಾನೆ

ಫಾರ್ಮಿನಲ್ಲಿ ಮೂರೇ ಖಾನೆ:
ಚೆನ್ನಾಗಿ ಮಾಡಿದ್ದು, ತಿದ್ದಿಕೊಳ್ಳಬೇಕಾದ್ದು, ಸಹಿ.
ಯಾದಗಿರಿಯ ಏಪ್ರಿಲ್‌ನಲ್ಲಿ ಪೆನ್ನಿನ ಮಸಿಯೂ ಬೆವರುತ್ತದೆ.
ಹೆಂಗಸರ ವಾರ್ಡಿನ ಹೊರಗೆ, ಕೂಲರಿನ ಸದ್ದಿಗೆ ಬೆನ್ನು ಕೊಟ್ಟು
ಏನು ಬರೆಯಲೆಂದು ಕೂತಿದ್ದೇನೆ.
ಎದುರಿಗೆ ತಸ್ಲೀಮಾ, ನರ್ಸಿಂಗ್ ಎರಡನೇ ವರ್ಷ,
ಬಿಳಿ ಕೋಟಿನ ಗುಂಡಿ ಬಿಚ್ಚಿ ಹಾಕುತ್ತ, ಹಾಕಿ ಬಿಚ್ಚುತ್ತ.

ನನಗೆ ಕಲಿಸಿದ ಸಿಸ್ಟರ್ ಫಾರ್ಮು ಗೀರ್ಮು ತುಂಬಿದವರಲ್ಲ.
ತಪ್ಪಿದರೆ ಟ್ರೇ ನೆಲಕ್ಕೆ.
ಸ್ಟೀಲು ಉರುಳುವ ಸದ್ದೇ ಇಡೀ ವಾರ್ಡಿಗೆ ಹೇಳುತ್ತಿತ್ತು
ನಾನು ಎಂಥವಳೆಂದು.
ಕಲಿತೆ, ಹೌದು. ಆದರೆ ಇಪ್ಪತ್ತೆರಡು ವರ್ಷದ ಮೇಲೂ
ಎಲ್ಲೋ ಯಾರೋ ಚಮಚ ಕೆಡವಿದರೆ
ಮೊದಲು ನನ್ನ ಕೈ ನೋಡಿಕೊಳ್ಳುತ್ತೇನೆ.

ಈಗ ನಮಗೂ ತರಬೇತಿ:
ಮೊದಲು ಹೊಗಳಿಕೆ, ನಡುವೆ ತಪ್ಪು, ಕೊನೆಗೆ ಮತ್ತೆ ಹೊಗಳಿಕೆ.
ಬೆಲ್ಲದುಂಡೆಯೊಳಗೆ ಗುಳಿಗೆ ಅಡಗಿಸಿಟ್ಟ ಹಾಗೆ.
ಮಕ್ಕಳಿಗೆ ಗೊತ್ತಾಗುತ್ತದೆ.
ಬೆಲ್ಲ ಚೀಪಿ ಗುಳಿಗೆ ಉಗುಳುತ್ತಾರೆ.

ಅದಕ್ಕೇ ಕಂಡದ್ದನ್ನಷ್ಟೇ ಹೇಳಿದೆ.
"ಗುರುಮಠಕಲ್ಲಿನ ಸಾಬವ್ವ ಕನ್ನಡದಾಗ ಯಾರಿಗೂ ಹೂಂ ಅಂದಿರಲಿಲ್ಲ.
ನೀ ತೆಲುಗಿನಾಗ ಊಟ ಕೇಳಿದಿ, ಮೊಮ್ಮಗನ ಹೆಸರು ಕೇಳಿದಿ.
ತಾನಾಗೇ ಕೈ ಚಾಚಿದಳು.
ಅದು ನಾವು ಕಲಿಸಿದ್ದಲ್ಲ.

"ಆದ್ರ ಪಟ್ಟಿ ಕಟ್ಟಿದ ಮ್ಯಾಲೆ ಹತ್ತಿ ಹುಡುಕಾಕ ಹೋದಿ.
ಎರಡು ನಿಮಿಷ ದಾಟಿತ್ತು.
ಬೆರಳು ನೀಲಿ ಆಗಿದ್ದು ಆಕಿ ಹೇಳಲಿಲ್ಲ, ನೀ ನೋಡಲಿಲ್ಲ.
ನಾಳೆ ಸಾಮಾನೆಲ್ಲಾ ಟ್ರೇದಾಗ ಎಣಿಸಿ, ಆಮೇಲೆ ಕಟ್ಟು.
ನಾ ಪಕ್ಕಕ್ಕ ನಿಂತಿರ್ತೀನಿ."

ತಲೆಯಾಡಿಸಿ ಬರೆದುಕೊಂಡಳು, ಅಂಗೈ ಮೇಲೆ.
ಇನ್ನು ಸಹಿಯೊಂದೇ ಬಾಕಿ.
"ನೀನೂ ಏನರ ಹೇಳ್ತಿಯೇನು?" ಎಂದೆ,
ಹಾಗೆ ಕೇಳಬೇಕೆಂದು ಫಾರ್ಮಿನ ಅಡಿಯಲ್ಲಿ ಅಚ್ಚಾಗಿತ್ತು, ಅದಕ್ಕೆ.

ಗುಂಡಿ ಬಿಟ್ಟಳು.
"ಮೊದಲನೇ ಸಲ ನರ ಜಾರಿದ್ದು ಖರೇನ ಮೇಡಮ್.
ಎರಡನೇ ಸಲ ಸಿಕ್ಕಿತ್ತರಿ. ರಕ್ತ ಕಂಡಿತ್ತು, ಒಂದೇ ಹನಿ.
ಅಷ್ಟರಾಗ ನೀವು ನನ್ನ ಕೈಯಾಗಿಂದ ಸೂಜಿ ತಗೊಂಡ್ರಿ."

ಕೂಲರು ನಿಂತಿತು. ಕರೆಂಟು ಹೋಗಿತ್ತು.

ನಾನು ಟ್ರೇ ಎಸೆದಿರಲಿಲ್ಲ.
ಸದ್ದಾಗದಂತೆ, ನಗುನಗುತ್ತಲೇ ತೆಗೆದುಕೊಂಡಿದ್ದೆ.
ಅವಳ ಕೈ ಗಾಳಿಯಲ್ಲಿ ಹಾಗೇ ಉಳಿದದ್ದು
ಈಗ ಕಾಣುತ್ತಿದೆ.

ನಾಲ್ಕನೇ ಖಾನೆ ಇಲ್ಲ ಫಾರ್ಮಿನಲ್ಲಿ.
ಅಂಚಿಗೆ, ಪಿನ್ನು ಹೊಡೆಯುವ ಜಾಗದಲ್ಲಿ ಬರೆದೆ:
ಎರಡನೇ ಸಲ ಸಿಕ್ಕಿತ್ತು.
ಟೀಚರ್ ಮೂರು ಸೆಕೆಂಡು ಕಾಯಬೇಕಿತ್ತು.

ತಸ್ಲೀಮಾ ಓದಿದಳು. ಮತ್ತೊಮ್ಮೆ ಓದಿದಳು.
ಒಳಗಿಂದ ಸಾಬವ್ವನ ದನಿ, ಹೆಸರು ಗೊತ್ತಿಲ್ಲದ ಯಾರಿಗೋ:
ಓ ಪಿಲ್ಲಾ, ಓ ಪಿಲ್ಲಾ.

"ಹೋಗು," ಎಂದೆ, "ನಿನ್ನನ್ನೇ ಕರೀಲಿಕ್ಕತ್ತಾಳ."