ಜಿಗಿ

ಗಂಜಿನ ಹಿಂದ, ಬೀಜದಂಗಡಿ ಮ್ಯಾಲ, ಹನ್ನೊಂದು ಮೆಟ್ಟಲ.
ಹಿಡಕೊಳ್ಳೋ ಪೈಪು ಎಡಕ್ಕಿತ್ತು, ಪುಣ್ಯ.
ಬಾಗಲದಾಗ ಬೋರ್ಡು.
ನಾಕನೇತ್ತಕ್ಕ ಸಾಲಿ ಬಿಟ್ಟಾಕಿ ನಾ,
ಕೂಡಿಸಿ ಕೂಡಿಸಿ ಓದಿದೆ:
ಆಸ್ತಿ... ಪತಿ.
ಎರಡೂ ಇಲ್ಲಲ್ಲವ್ವಾ ನನಗ, ಅಂದೆ.
ಒಳಗಿಂದ ನಗು ಬಂತು.

"ಆಸ್ಟಿಯೋಪಥಿ, ಮೌಶಿ. ಅಸ್ಥಿ ಅಂದ್ರ ಎಲುಬು."
ತಹಮೀನಾ ಅಂತ ಹೆಸರು.
ಅಜ್ಜ ತಾಲೀಮಿನ ಪೈಲ್ವಾನ,
ಜಾರಿದ ಕೀಲು ಕೂಡಸ್ತಿದ್ದನಂತ.
ಈಕಿ ಅದನ್ನೇ ಪುಸ್ತಕದಾಗ
ಮತ್ತೊಮ್ಮೆ ಓದಿ ಬಂದಾಳ.

"ಏನಾಗ್ಯದ?"
ಏನಾಗ್ತದ, ರೊಟ್ಟಿ ಆಗ್ಯದ.
ದಿನಕ್ಕ ಮುನ್ನೂರು. ಹಮಾಲರಿಗಿ, ಲಾರಿ ಡ್ರೈವರಗೋಳಿಗಿ,
ಬ್ಯಾಳಿ ಮಿಲ್ಲಿನ ಹೆಣಮಕ್ಕಳಿಗಿ.
ಇಪ್ಪತ್ತೆರಡು ವರ್ಷ.
ಒಂದು ರೊಟ್ಟಿಗಿ ಎಷ್ಟು ಏಟು, ಯಾರರ ಎಣಸ್ಯಾರೇನು?
ಈಗ ಕೈ ಎತ್ತಿ ತಲಿ ಹಿಕ್ಕೊಳ್ಳಾಕ ಬರವಲ್ದು.
ಜಡಿ ಬಾಜೂಮನಿ ಹುಡುಗಿ ಹಾಕ್ತಾಳ,
ಒಂದು ರೊಟ್ಟಿಗಿ ಒಂದು ಜಡಿ.

"ಎಲ್ಲಿ ನೋಯ್ತದ, ತೋರಸ್ರಿ."
ಬಲಭುಜ ತೋರಿಸಿದೆ.
ಆಕಿ ಭುಜ ಮುಟ್ಟಲೇ ಇಲ್ಲ.
ಬೆನ್ನ ನಡುವ, ಪಕ್ಕಲುಬಿನ ಕೆಳಗ,
ಆಮ್ಯಾಲ ಎಡಗಡಿ ಟೊಂಕದ ಮ್ಯಾಲ
ಅಂಗೈ ಇಟ್ಟು ಸುಮ್ಮ ನಿಂತಳು,
ಗ್ವಾಡಿಗಿ ಕಿವಿ ಹಚ್ಚಿದಂಗ.
ನಾನೂರು ರೂಪಾಯಿ ತಗೊಂಡು
ಮನಿ ಬಿಟ್ಟು ಓಣಿ ತಿರಗ್ತಾಳಲ್ಲ ಈಕಿ,
ಅಂದೆ ಮನಸಿನಾಗ.

ಆಮ್ಯಾಲ ಕೇಳಿದಳು:
"ಒಲಿ ಮುಂದ ಎಡಗಾಲು ಮಡಚಿ ಕೂಡ್ತೀರೇನು,
ಬಲಗಾಲು ಚಾಚಿ?"
ಅಂಜಿಬಿಟ್ಟೆ.
ಅದು ನನ್ನ ಗಂಡಗೂ ಗೊತ್ತಿರಲಿಲ್ಲ,
ಸಾಯೂತನಕ ಎದುರಿಗೇ ಕುಂತು ಉಂಡಾಂವಗ.

ಕಡೀಕ ಭುಜಕ್ಕ ಬಂದಳು. ಹೆಬ್ಬಟ್ಟು ಊರಿದಳು.
ನಾ ಕೈ ಬಲ್ಲಾಕಿ.
ಹಿಟ್ಟಿಗಿ ಕೈ ಇಡೂದ್ರಾಗ ಯಾರಿಗಿ ಅವಸರ ಅದ,
ಯಾರು ಮನ್ಯಾಗ ಜಗಳಾಡಿ ಬಂದಾರ, ತಿಳೀತದ ನನಗ.
ಈ ಕೈ ಒತ್ತಲಿಲ್ಲ. ಕಾಯ್ತು,
ಎಸರು ಹೊಯ್ದ ಹಿಟ್ಟು ಕೈಗಿ ತಾಳೂತನಕ ಕಾಯ್ದಂಗ.
ಒಳಗೊಂದು ಗಂಟು, ಹುಣಸಿ ಬೀಜದಷ್ಟು,
ಮೊದಲ ಜಗಳಕ್ಕ ಬಂತು,
ಆಮ್ಯಾಲ ಜಾಗಾ ಬಿಟ್ಟು ಸರೀತು.
ಕಣ್ಣಾಗ ನೀರು.
ನೋವಿಗಲ್ಲ, ಯಾತಕ್ಕಂತ ನಾ ಕೇಳಲಿಲ್ಲ,
ಆಕೀನೂ ಕೇಳಲಿಲ್ಲ.

"ಪೂರಾ ಹೋಗಂಗಿಲ್ಲ ಮೌಶಿ," ಖರೇ ಹೇಳಿದಳು,
"ಕೀಲು ಸವದದ. ನೂರು ರೊಟ್ಟಿ ಕಮ್ಮಿ ಮಾಡ್ರಿ."
ನೂರು ಕಮ್ಮಿ ಮಾಡಿದ್ರ
ನಿನಗ ನಾನೂರು ಎಲ್ಲಿಂದ ತರ್ಲಿ?
ಆಕಿ ನಕ್ಕಳು, ನಗತಾ ಕೈ ಜಾಡಿಸಿದಳು.
ಆಗ ನೋಡಿದೆ, ಹೆಬ್ಬಟ್ಟಿನ ಬುಡಕ್ಕ ಬಾವು.

ಎಷ್ಟು ದಿನ ಆತು?
"ದೀಡ ವರ್ಷ."
ನಿನ್ನ ಕೈ ಯಾರು ನೋಡ್ತಾರ?
ಕಿಡಕಿ ಕಡಿ ಹೊಳ್ಳಿದಳು.
ಕೆಳಗ ಬಿಸಲಾಗ ಹಮಾಲ ಒಬ್ಬಾಂವ
ತೊಗರಿ ಚೀಲ ಬೆನ್ನಿಗಿ ತಗೊಂಡು
ಉಸರು ಹಿಡದು ನಿಂತಿದ್ದ,
ಇನ್ನೂ ಒಂದು ಹೆಜ್ಜಿ ಇಟ್ಟಿರಲಿಲ್ಲ.

ಕುಂಡ್ರು ಅಂದೆ.
ಆಕಿ ಅಂಗೈ ನನ್ನ ತೊಡಿ ಮ್ಯಾಲ ಹಾಸಿದೆ.
ಜಿಗಿ ಹೋದ ಹಿಟ್ಟು ಬಡದ್ರ ಅಂಚು ಸೀಳತದ,
ಬೈದ್ರ ಕೂಡಂಗಿಲ್ಲ.
ನೀರು ಹಚ್ಚಿ, ಅಂಚಿನಿಂದ ನಡುವಕ್ಕ
ಬಳಸಿಕೊಂಡು ತರಬೇಕು, ಹಸುಗೂಸಿನ್ನ ತಂದಂಗ.
ಹಂಗ ತಂದೆ. ಎಡಗೈಲೇ.
ಪುಸ್ತಕದಾಗ ಇದು ಅದನೋ ಇಲ್ಲೋ,
ಆಕಿ ಕಣ್ಣು ಮುಚ್ಚಿದಳು.

ನಾನೂರಾಗ ನೂರು ವಾಪಸ್ ಕೊಟ್ಟಳು.
ತಗೊಂಡೆ. ಯಾಕ ಬಿಡ್ಲಿ, ಕೆಲಸ ಮಾಡೀನಿ.

ಇಳಿಯೂ ಮುಂದ ಪೈಪು ಬಲಕ್ಕ ಬಂದಿತ್ತು.
ಬಲಗೈ ತಾನೇ ಹೋಗಿ ಅದನ್ನ ಹಿಡದಿತ್ತು.
ಆರನೇ ಮೆಟ್ಟಲಕ್ಕ ನನಗ ಗೊತ್ತಾತು.
ಅಲ್ಲೇ ನಿಂತೆ ಜರಾ ಹೊತ್ತು.
ಇವತ್ತು ಹತ್ತು ಕಮ್ಮಿ ಬಡೀತೀನಿ,
ಯಾರಿಗಿ ಕಮ್ಮಿ ಬೀಳತದೋ
ಅಂವ ಅನ್ನ ಉಣ್ಣಲಿ.