ಗ್ಯಾಸ್ಕೆಟ್ ಇಲ್ಲದ ಎಂಜಿನ್

ಕುದುರೆ ಕೊಳ್ಳುವ ಮೊದಲು ಲಾಳ ಬಡಿಯುವವನ ಮನೆ ಹುಡುಕು,
ಅಂದಿದ್ದಳು ಸೋದರತ್ತೆ ಸೆಲ್ಮಿರಾ.
ನಾನು ತಿರುವುಮುರುವು ಮಾಡಿದೆ.
ಔಷಧದಂಗಡಿಯವನ ವಿಧವೆಯ ಹಿತ್ತಿಲಲ್ಲಿ
ಕೋಳಿ ಮೊಟ್ಟೆಯಿಡುವ ಹಿಂದಿನ ಸೀಟಿನ ಸಮೇತ
ಅರುವತ್ತೊಂದನೇ ಇಸವಿಯ ಪಾನಾರ್ ಕಾರು,
ದುಂಡು ಮುಖ, ಹುಬ್ಬೇರಿಸಿದ ದೀಪಗಳು,
ಏನೋ ಕೇಳಿ ಉತ್ತರ ಸಿಗದವರ ಹಾಗೆ.
ದುಡ್ಡು ಎಣಿಸಿ ಕೊಟ್ಟುಬಿಟ್ಟೆ.

ತಮ್ಮನ ಹಾಲಿನ ಲಾರಿ ಹಗ್ಗ ಕಟ್ಟಿ ಎಳೆಯಿತು.
ರಿಯೊ ನೇಗ್ರೊ ದಂಡೆಯಲ್ಲಿ ಮಾತೆ ಹೀರುತ್ತಿದ್ದವರೆಲ್ಲ
ನಳಿಗೆ ತುಟಿಯಿಂದ ತೆಗೆದು ನೋಡಿದರು.
ಹೊರಡುವಾಗ ವಿಧವೆ ಕೊಟ್ಟದ್ದು ಒಂದು ಪುಸ್ತಕ:
ಪೂರಾ ಫ್ರೆಂಚು, ಪುಟಪುಟಕ್ಕೂ ಗ್ರೀಸಿನ ಹೆಬ್ಬೆಟ್ಟು.
"ಇದು ಕಳೆದರೆ ಕಾರೂ ಕಳೆದಂತೆ" ಅಂದಳು.

ಓದಲು ಬಾರದೆ ತಿಂಗಳು ಪೂರ್ತಿ ಚಿತ್ರ ನೋಡಿದೆ.
ತಿಳಿದದ್ದು ಎರಡೇ:
ಈ ಎಂಜಿನ್ ನೀರು ಕುಡಿಯುವುದಿಲ್ಲ, ಗಾಳಿಯೇ ಸಾಕು.
ಇದರ ತಲೆ, ಮೈ ಒಂದೇ ಎರಕ;
ನಡುವೆ ಗ್ಯಾಸ್ಕೆಟ್ಟಿಗೆ ಜಾಗವೇ ಇಲ್ಲ.

ಮೊದಲಿನವನು ಹೆದ್ದಾರಿ ಬದಿಯ ವಾಲ್ದೆಮಾರ್.
ಬಾನೆಟ್ ಎತ್ತಿದ, ತಲೆಯಾಡಿಸಿದ,
ನಿಟ್ಟುಸಿರನ್ನೂ ಬಿಲ್ಲಿಗೆ ಸೇರಿಸುವವನಂತೆ ಬಿಟ್ಟ:
"ಹೆಡ್ ಗ್ಯಾಸ್ಕೆಟ್ ಹೋಗಿದೆ ಸೆನ್ಯೋರಾ."
ಆಹಾ, ಇಲ್ಲದ್ದು ಹೋಗುವುದು ಹೇಗೆ!
ಅಂದಿನಿಂದ ನನಗೊಂದು ಅಳತೆಗೋಲು ಸಿಕ್ಕಿತು.

ಎರಡನೆಯವನು ಫ್ರಾಯ್ ಬೆಂತೋಸಿನಲ್ಲಿ.
"ಇದನ್ನು ಕಿತ್ತೆಸೆದು ಫಿಯೆಟ್ಟಿನದು ಕೂರಿಸೋಣ,
ಭಾನುವಾರ ಓಡುತ್ತೆ."
ಸುಳ್ಳಲ್ಲ, ಓಡುತ್ತಿತ್ತು.
ಅಜ್ಜಿಗೆ ಮಂಡಿನೋವು ಅಂದರೆ
ಅಜ್ಜಿಯನ್ನೇ ಬದಲಿಸುವ ವೈದ್ಯ.

ಮೂರನೆಯವನು ಮೊಂತೆವಿದೇಯೊದಿಂದ
ಫೋನಿನಲ್ಲೇ ಒಂದು ಮೊತ್ತ ಹೇಳಿದ.
ನಾನು ಫೋನಿನಲ್ಲೇ ಕುಸಿದೆ.

ಎಲೆಯುತೇರಿಯೊ ಬೆಂತಾಂಕುರ್ ಕಾರಿನವನಲ್ಲ,
ದೋಣಿಯ ಮೋಟಾರು, ಬಾವಿಯ ಪಂಪು, ಅಷ್ಟೇ.
ಮುಟ್ಟುವ ಮೊದಲು ಕೈ ತೊಳೆದ,
ಇದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.
ಒಂದು ಸುತ್ತು ಬಂದ. ಕ್ರ್ಯಾಂಕ್ ಮೆಲ್ಲಗೆ ತಿರುಗಿಸಿ ಕಿವಿಗೊಟ್ಟ.
"ನನಗೆ ಇದು ಗೊತ್ತಿಲ್ಲ.
ಪುಸ್ತಕ ಇದ್ದರೆ ಬಿಟ್ಟುಹೋಗಿ."

ಗೊತ್ತಿಲ್ಲ.
ಈ ಒಂದು ಮಾತು ಕೇಳಲು
ನಾಲ್ಕು ತಿಂಗಳು, ಮೂರು ಊರು ಅಲೆದಿದ್ದೆ.

ಅವನಿಗೂ ಫ್ರೆಂಚ್ ಬಾರದು.
ಬಂದಳು ನಿವೃತ್ತ ಟೀಚರ್ ಒಫೇಲಿಯಾ ಮೌತೋನೆ,
ಇಪ್ಪತ್ತು ವರ್ಷದಿಂದ ಒಬ್ಬ ಶಿಷ್ಯನೂ ಇಲ್ಲದವಳು.
ಟೈರಿನ ಮೇಲೆ ಕೂತು, ಕನ್ನಡಕ ಏರಿಸಿ,
ವಾಲ್ವಿನ ತೆರಪನ್ನು ಪ್ರೇಮಪತ್ರದಂತೆ ಓದಿದಳು.
ಅವನು ಬೋಲ್ಟು ತಿರುಗಿಸುತ್ತಾ "ಕುಲ್ಬುತೋರ್" ಅಂದರೆ
"ಕ್ಯುಲ್‌ಬ್ಯುತರ್! ತುಟಿ ಮುಂದೆ ಮಾಡಿ!"
ಎಪ್ಪತ್ತಾರರ ಮುದುಕ ಸ್ಪ್ಯಾನರ್ ಹಿಡಿದೇ
ತುಟಿ ಮುಂದೆ ಮಾಡಿದ.

ಬೇರಿಂಗಿನ ರೋಲರುಗಳು ಎಲ್ಲೂ ಸಿಗಲಿಲ್ಲ.
ಸಾಲ್ತೊದಲ್ಲಿ ಕೊಯ್ಲು ಯಂತ್ರದವು ಸಿಕ್ಕವು, ಕೂದಲೆಳೆಯಷ್ಟು ದಪ್ಪ;
ಪಾಯ್ಸಾಂದೂವಿನ ಲೇತಿನವನು ಒಂದೊಂದನ್ನೂ ಉಜ್ಜಿದ.
ಖರ್ಚು ಬರೆಯುವುದನ್ನು
ನಾನು ಮೂರನೇ ಪುಟಕ್ಕೇ ನಿಲ್ಲಿಸಿದೆ.

ಆಗಸ್ಟಿನ ಚಳಿ. ಬೆಳಗಿನ ಇಬ್ಬನಿ.
ಒಣ ಸೋರೆಬುರುಡೆಯೊಳಗೆ ಬೀಜ ಕುಣಿದ ಹಾಗೆ
ಎರಡು ಸಿಲಿಂಡರು ಮಾತಿಗೆ ತೊಡಗಿದವು.
ಕೋಳಿಯ ಸೀಟಿನಲ್ಲಿ ಒಫೇಲಿಯಾ, ಮಡಿಲಲ್ಲಿ ಪುಸ್ತಕ.
ಒಂದು ತಿರುವು. ಎರಡು ತಿರುವು.
ಮೂರನೆಯದರಲ್ಲಿ, ಚರ್ಚಿನ ಎದುರಿಗೇ, ನಿಂತಿತು.

ಅವನು ಇಳಿದ. ನಾಚಿಕೊಳ್ಳಲಿಲ್ಲ.
ಬಾನೆಟ್ಟಿನ ಕೆಳಗೆ ಏನೋ ಸಡಿಲಿಸಿ
ಪುಸ್ತಕ ಕೇಳಿ, ಪೆನ್ಸಿಲ್ ಎಂಜಲು ಮಾಡಿ
ಫ್ರೆಂಚ್ ಸಾಲಿನ ಅಂಚಿಗೆ ಸ್ಪ್ಯಾನಿಷಿನಲ್ಲಿ ಬರೆದ:
ಎಡದ ನಟ್ಟು, ಹೇಳಿದ್ದಕ್ಕಿಂತ ಕಾಲು ಸುತ್ತು ಕಡಿಮೆ.
"ಯಾರಿಗೆ?" ಅಂದೆ.
"ನನ್ನ ಆಮೇಲಿನವನಿಗೆ."

ಒಫೇಲಿಯಾ ಪುಟವನ್ನು ಬೆಳಕಿಗೆ ಹಿಡಿದು
ಕಾಗುಣಿತದ ಒಂದು ತಪ್ಪು ತಿದ್ದಿದಳು.
ಆಮೇಲೆ ಮೂವರೂ ಸೇರಿ ತಳ್ಳಿದೆವು.